ಆಟಗಾರ ಬಿದ್ದಾಗ ಗಡಿಯಾರ ನಿಲ್ಲಿಸಿ: ಫುಟ್‌ಬಾಲ್ ಟೂರ್ನಿ ನಡೆಸುವವರಿಗೊಂದು ಮಾರ್ಗದರ್ಶಿ

ಸ್ಕೋರು 1–0, ಇನ್ನು ನಾಲ್ಕು ನಿಮಿಷ ಬಾಕಿ. ಮುಂದಿರುವ ತಂಡದ ಹುಡುಗನೊಬ್ಬ ಕಾಲು ಹಿಡಿದುಕೊಂಡು ಬೀಳುತ್ತಾನೆ. ಎದುರಿನವರು 'ಡ್ರಾಮಾ ಸರ್, ಡ್ರಾಮಾ' ಅಂತ ಕೂಗುತ್ತಾರೆ, ಅವನ ಕಡೆಯವರು 'ನಿಜವಾಗ್ಲೂ ನೋವಾಗಿದೆ ಸರ್, ಬಂದು ನೋಡಿ' ಅನ್ನುತ್ತಾರೆ. ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟಿನ ಟರ್ಫ್ (ಕೃತಕ ಹುಲ್ಲಿನ ಬಾಡಿಗೆ ಮೈದಾನ) ಇರಲಿ, ಆಸ್ಟಿನ್ ಟೌನ್ ಮೈದಾನವಿರಲಿ, ಗೌತಮಪುರದ ಹುಡುಗರ ಟೂರ್ನಿ ಇರಲಿ, ಜಗಳ ಹತ್ತಿಕೊಳ್ಳುವುದು ಹೆಚ್ಚಾಗಿ ಇಂಥ ಹೊತ್ತಿನಲ್ಲೇ.

ಆಗ ರೆಫರಿಗಳು ಸಾಮಾನ್ಯವಾಗಿ ಮಾಡುವ ತಪ್ಪು ಒಂದೇ: ಬಿದ್ದವನ ಮುಖ ನೋಡಿ ನಿಜವೋ ನಟನೆಯೋ ಎಂದು ತೀರ್ಮಾನಿಸಲು ಹೊರಡುವುದು. ಹತ್ತು ಸೆಕೆಂಡಿನಲ್ಲಿ ಅದನ್ನು ಹೇಳಲು ಅನುಭವಿ ಫಿಸಿಯೋಗೂ ಆಗುವುದಿಲ್ಲ. ಹೇಳಬೇಕಾದ ಅಗತ್ಯವೂ ಇಲ್ಲ. ಬಿದ್ದವರನ್ನೆಲ್ಲ ಗಾಯಾಳು ಎಂದೇ ನೋಡಿಕೊಳ್ಳಿ. ಆದರೆ ಬಿದ್ದದ್ದರಿಂದ ತಂಡಕ್ಕೆ ಒಂದು ಸೆಕೆಂಡೂ ಗಿಟ್ಟದಂತೆ ಟೂರ್ನಿಯ ನಿಯಮ ಕಟ್ಟಿ. ಹೋದ ಸಮಯ ಪೂರ್ತಿ ವಾಪಸ್ ಬರುತ್ತದೆ, ಆರೈಕೆ ಪಡೆದವನು ಒಂದಿಷ್ಟು ಹೊತ್ತು ಗೆರೆಯಾಚೆ ನಿಲ್ಲುತ್ತಾನೆ ಎಂಬುದು ಮೊದಲೇ ಗೊತ್ತಿದ್ದರೆ ನಾಟಕ ಆಡುವವರು ತಾವಾಗಿಯೇ ಏಳುತ್ತಾರೆ. ಕೆಳಗಿನದೆಲ್ಲ ಇದನ್ನು ಮೈದಾನದಲ್ಲಿ ಜಾರಿಗೆ ತರುವ ಬಗೆ.

ಈ ಊರಿನಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 2004ರ ಡಿಸೆಂಬರ್ 5ರಂದು ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಫೆಡರೇಷನ್ ಕಪ್ ಫೈನಲ್‌ನಲ್ಲಿ ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್, ಮೋಹನ್ ಬಾಗಾನ್ ಕೀಪರ್ ಜೊತೆ ಡಿಕ್ಕಿಯಾಗಿ ಕುಸಿದು ಪ್ರಾಣ ಬಿಟ್ಟರು. 2012ರ ಮಾರ್ಚ್‌ನಲ್ಲಿ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದ ಜಿಲ್ಲಾ ಲೀಗ್ ಪಂದ್ಯವೊಂದರ ಕೊನೆಯ ಹಂತದಲ್ಲಿ ಬೆಂಗಳೂರು ಮಾರ್ಸ್ ತಂಡದ ಡಿ. ವೆಂಕಟೇಶ್ ಕುಸಿದರು. ಆಂಬುಲೆನ್ಸ್ ಇರಲಿಲ್ಲ, ಆಟೊದಲ್ಲಿ ಆಸ್ಪತ್ರೆಗೆ ಒಯ್ದರು, ಉಳಿಯಲಿಲ್ಲ. ಕೊನೆಯ ನಿಮಿಷಗಳಲ್ಲಿ ಬೀಳುವವರೆಲ್ಲ ಟೈಮ್ ತಿನ್ನುತ್ತಿರುತ್ತಾರೆ ಎಂದುಕೊಂಡು ಬಾಯಲ್ಲಿ ಸೀಟಿ ಇಟ್ಟುಕೊಂಡೇ ನಿಲ್ಲುವ ರೆಫರಿಗೆ ಇವೆರಡು ಗೊತ್ತಿರಬೇಕು.

ಮೊದಲು ಸ್ಲಾಟಿನ ಲೆಕ್ಕ

ಸಮಯ ಕೊಲ್ಲುವ ಆಟ ಟರ್ಫ್ ಟೂರ್ನಿಗಳಲ್ಲಿ ಇಷ್ಟು ಚೆನ್ನಾಗಿ ನಡೆಯಲು ಕಾರಣ ಆಟಗಾರರ ಗುಣಕ್ಕಿಂತ ಹೆಚ್ಚಾಗಿ ಬುಕಿಂಗ್. ಒಂದು ಗಂಟೆಯ ಸ್ಲಾಟು, ಅದರಲ್ಲಿ 25+25 ಪಂದ್ಯ ತುರುಕಿದರೆ, ಮುಂದಿನವರು ಗೇಟಿನಾಚೆ ಶೂ ಕಟ್ಟುತ್ತಾ ನಿಂತಿರುತ್ತಾರೆ. ರೆಫರಿ ಎರಡು ನಿಮಿಷ ಸೇರಿಸಲೂ ಜಾಗವಿಲ್ಲ. ಇದು ಮುಂದಿರುವ ತಂಡಕ್ಕೆ ಚೆನ್ನಾಗಿ ಗೊತ್ತು.

ಏಳು ಜನರ ಪಂದ್ಯಕ್ಕೆ 60 ನಿಮಿಷವನ್ನು ಹೀಗೆ ಹಂಚಿ: ಹಿಂದಿನವರು ಖಾಲಿ ಮಾಡಿ ಟಾಸ್ ಮುಗಿಯಲು 5 ನಿಮಿಷ, ಮೊದಲ ಅರ್ಧ 20, ಅದರ ಹೆಚ್ಚುವರಿಗೆ 2, ವಿರಾಮ 4, ಎರಡನೇ ಅರ್ಧ 20, ಅದರ ಹೆಚ್ಚುವರಿಗೆ 4. ಒಟ್ಟು 55 ಆಯಿತು, ಜಾಗ ಬಿಡಲು 5. ನಾಕೌಟ್ ಪಂದ್ಯವಾದರೆ ಅರ್ಧವನ್ನು 18ಕ್ಕೆ ಇಳಿಸಿ. ಕೊನೆಗೆ ಉಳಿಯುವ 9 ನಿಮಿಷದಲ್ಲಿ ಐದೈದು ಪೆನಾಲ್ಟಿ ಮುಗಿಸಬಹುದು. ಇದರ ಜೊತೆಗೆ ದಿನದ ಕೊನೆಯ ಸ್ಲಾಟನ್ನು ಖಾಲಿ ಇಟ್ಟುಕೊಳ್ಳಿ. ದೊಡ್ಡ ಗಾಯವಾಗಿ ಹದಿನೈದು ನಿಮಿಷ ಆಟ ನಿಂತರೆ ಉಳಿದ ಪಂದ್ಯವನ್ನು ಅಲ್ಲಿಗೆ ಸರಿಸಬಹುದು. ದುಡ್ಡು ಉಳಿಸಲು ಈ ಸ್ಲಾಟನ್ನು ಕೈಬಿಟ್ಟ ಆಯೋಜಕರು, ಮುರಿದ ಕಾಲಿನ ಹುಡುಗನನ್ನು 'ಬೇಗ ಬೇಗ' ಎಂದು ಎಳೆದು ಬದಿಗೆ ಹಾಕುವ ಸ್ಥಿತಿಗೆ ಬರುತ್ತಾರೆ.

ಫುಟ್ಸಾಲ್‌ನಲ್ಲಿ ಚೆಂಡು ಹೊರಗೆ ಹೋದಾಗೆಲ್ಲ ಗಡಿಯಾರ ನಿಲ್ಲುತ್ತದೆ. ಟೇಬಲ್‌ನಲ್ಲಿ ಕೂರಲು ಒಬ್ಬರು ಸಿಕ್ಕರೆ ನೀವೂ ಕೊನೆಯ ಮೂರು ನಿಮಿಷಕ್ಕೆ ಮಾತ್ರ ಈ ಪದ್ಧತಿ ಇಟ್ಟುಕೊಳ್ಳಬಹುದು. ಪೂರ್ತಿ ಪಂದ್ಯಕ್ಕೆ ಬೇಡ, ಸ್ಲಾಟು ಉಕ್ಕಿ ಹರಿಯುತ್ತದೆ.

ನಿಯಮ ಪತ್ರದಲ್ಲಿ ಏನು ಬರೆಯಬೇಕು

ಜಿಲ್ಲಾ ಸಂಸ್ಥೆಯ ಮಾನ್ಯತೆ ಇರುವ ಪಂದ್ಯಗಳಲ್ಲಿ ಅಂತರರಾಷ್ಟ್ರೀಯ ನಿಯಮಾವಳಿಯೇ ಅಂತಿಮ, ಅಲ್ಲಿ ಕೈಯಾಡಿಸಬೇಡಿ. ಖಾಸಗಿ ಟರ್ಫ್ ಟೂರ್ನಿಗಳಲ್ಲಿ ನಿಮ್ಮದೇ ಸೇರ್ಪಡೆ ಮಾಡಿಕೊಳ್ಳಲು ಅಡ್ಡಿಯಿಲ್ಲ. ಒಂದು ಮಾತು ಮರೆಯಬೇಡಿ: ನಿಯಮಾವಳಿಯ ಹೊಸ ಆವೃತ್ತಿ ಪ್ರತಿವರ್ಷ ಜುಲೈ 1ಕ್ಕೆ ಜಾರಿಗೆ ಬರುತ್ತದೆ. ಇಲ್ಲಿ ಹೇಳುತ್ತಿರುವುದು 2025–26ರ ಆವೃತ್ತಿಯ ಪ್ರಕಾರ. ನೀವು ಯಾವ ಆವೃತ್ತಿ ಅನುಸರಿಸುತ್ತೀರಿ ಎಂಬುದು ಪತ್ರದ ಮೊದಲ ಸಾಲಿನಲ್ಲೇ ಇರಲಿ. ಇಲ್ಲದಿದ್ದರೆ ಕೀಪರ್ ಎಷ್ಟು ಹೊತ್ತು ಚೆಂಡು ಹಿಡಿದು ನಿಲ್ಲಬಹುದು ಎಂಬುದಕ್ಕೆ ಒಂದು ತಂಡ ಹಳೆಯ ಆರು ಸೆಕೆಂಡಿನ ನಿಯಮ ಹಿಡಿದುಕೊಂಡು, ಇನ್ನೊಂದು ಎಂಟು ಸೆಕೆಂಡು ಹಿಡಿದುಕೊಂಡು ವಾದಕ್ಕೆ ನಿಲ್ಲುತ್ತವೆ.

ಗಾಯದ ವಿಚಾರದಲ್ಲಿ ಮೂಲ ನಿಯಮ ಸರಳ. ಸಣ್ಣಪುಟ್ಟ ನೋವಾದರೆ ಚೆಂಡು ಹೊರಗೆ ಹೋಗುವವರೆಗೂ ಆಟ ಮುಂದುವರಿಯುತ್ತದೆ. ಗಂಭೀರ ಎನಿಸಿದರೆ ರೆಫರಿ ತಕ್ಷಣ ನಿಲ್ಲಿಸುತ್ತಾರೆ. ಚಿಕಿತ್ಸೆ ಮೈದಾನದ ಒಳಗಲ್ಲ, ಹೊರಗೆ. ಹೊರಗೆ ಹೋದವನು ಆಟ ಮತ್ತೆ ಶುರುವಾದ ಮೇಲೆಯೇ, ರೆಫರಿಯ ಅನುಮತಿ ಪಡೆದು, ಒಳಗೆ ಬರಬಹುದು. ಚೆಂಡು ಆಟದಲ್ಲಿದ್ದರೆ ಪಕ್ಕದ ಗೆರೆಯಿಂದ ಮಾತ್ರ. ಇದಕ್ಕೆ ವಿನಾಯಿತಿಗಳಿವೆ: ಕೀಪರ್‌ಗೆ ಗಾಯವಾದರೆ, ಕೀಪರ್ ಮತ್ತು ಇನ್ನೊಬ್ಬ ಆಟಗಾರ ಡಿಕ್ಕಿಯಾದರೆ, ಒಂದೇ ತಂಡದ ಇಬ್ಬರು ಡಿಕ್ಕಿಯಾದರೆ, ಗಾಯ ಗಂಭೀರವಾಗಿದ್ದರೆ, ಗಾಯಾಳುವೇ ಪೆನಾಲ್ಟಿ ಹೊಡೆಯಬೇಕಿದ್ದರೆ. ಎದುರಾಳಿಗೆ ಹಳದಿ ಅಥವಾ ಕೆಂಪು ಕಾರ್ಡ್ ಬಿದ್ದ ಫೌಲ್‌ನಿಂದ ಗಾಯವಾಗಿದ್ದರೂ, 20–25 ಸೆಕೆಂಡಿನಲ್ಲಿ ಆರೈಕೆ ಮುಗಿಯುವಂತಿದ್ದರೆ, ಅವನು ಹೊರಗೆ ಹೋಗಬೇಕಿಲ್ಲ. ಫೌಲ್ ತಿಂದವನದೇ ತಂಡ ಹತ್ತು ಜನರಲ್ಲಿ ಆಡುವುದು ಅನ್ಯಾಯ ಎಂಬ ಕಾರಣಕ್ಕೆ ಇದು ಬಂದದ್ದು. ನಮ್ಮ ಟೂರ್ನಿಗಳಲ್ಲಿ ಅತಿ ಹೆಚ್ಚು ಮರೆತುಹೋಗುವ ವಿನಾಯಿತಿಯೂ ಇದೇ.

ಇದರ ಮೇಲೆ ಸೇರಿಸಬಹುದಾದ ಸ್ಥಳೀಯ ನಿಯಮಕ್ಕೆ ಅಮೆರಿಕದ ಮೇಜರ್ ಲೀಗ್ ಸಾಕರ್ ಒಳ್ಳೆಯ ಮಾದರಿ. ಅಲ್ಲಿ 2024ರಿಂದ, ಆಟಗಾರ 15 ಸೆಕೆಂಡಿಗಿಂತ ಹೆಚ್ಚು ನೆಲದಲ್ಲಿದ್ದು ವೈದ್ಯಕೀಯ ಸಿಬ್ಬಂದಿ ಒಳಗೆ ಬಂದರೆ, ಅವನು ಎರಡು ನಿಮಿಷ ಹೊರಗಿರಬೇಕು. ಪ್ರೀಮಿಯರ್ ಲೀಗ್‌ನಲ್ಲಿ 2023–24ರಿಂದ ಈ ಅವಧಿ 30 ಸೆಕೆಂಡು. 20 ನಿಮಿಷದ ಅರ್ಧಕ್ಕೆ ಒಂದು ನಿಮಿಷ ಸಾಕು. ಪತ್ರದಲ್ಲಿ ಹೀಗೆ ಬರೆಯಿರಿ: 'ಆರೈಕೆಗಾಗಿ ಹೊರಗಿನವರು ಒಳಗೆ ಬಂದರೆ, ಆ ಆಟಗಾರ ಆಟ ಪುನರಾರಂಭವಾದ ಮೇಲೆ ಒಂದು ನಿಮಿಷ ಗೆರೆಯಾಚೆ ಇರಬೇಕು. ತಂಡ ಅವನ ಬದಲಿಗೆ ಸಬ್ ಇಳಿಸಬಹುದು. ತಲೆಗೆ ಪೆಟ್ಟು, ರಕ್ತ, ಕೀಪರ್, ಎದುರಾಳಿಗೆ ಕಾರ್ಡ್ ಬಿದ್ದ ಫೌಲ್, ಇವಕ್ಕೆ ಇದು ಅನ್ವಯಿಸದು.'

ಸಬ್‌ಗೆ ಅವಕಾಶ ಕೊಟ್ಟರೆ ಶಿಕ್ಷೆಯೇ ಆಗಲಿಲ್ಲವಲ್ಲ ಎನ್ನುವವರಿದ್ದಾರೆ. ಶಿಕ್ಷೆ ಗುರಿಯಲ್ಲ. ತಂಡ ಒಬ್ಬ ಕಡಿಮೆ ಆಡಬೇಕಾಗುತ್ತದೆ ಎಂದಾದರೆ ನಿಜವಾಗಿ ಉಳುಕಿದವನು ನೋವು ನುಂಗಿಕೊಂಡು ಓಡುತ್ತಾನೆ, ಹತ್ತು ದಿನದ ಗಾಯ ಮೂರು ತಿಂಗಳಿಗೆ ಹೋಗುತ್ತದೆ. ತಲೆಗೆ ಪೆಟ್ಟಾದವನ ವಿಚಾರದಲ್ಲಿ ಈ ಅಪಾಯ ಇನ್ನೂ ಹೆಚ್ಚು. ಅದಕ್ಕೇ ಆ ವಿನಾಯಿತಿ.

ಬಿದ್ದ ಕ್ಷಣದಿಂದ ಪುನರಾರಂಭದವರೆಗೆ

ರೆಫರಿ ಅನುಸರಿಸಬೇಕಾದ ಕ್ರಮ ಇದು.

1. ಬಿದ್ದದ್ದು ಹೇಗೆ ಎಂದು ಮೊದಲು ಮನಸ್ಸಿನಲ್ಲಿ ದಾಖಲಿಸಿಕೊಳ್ಳಿ. ಯಾರೂ ಮುಟ್ಟದೆ ಕುಸಿದರೆ, ತಲೆಗೆ ತಲೆ ತಾಗಿದ್ದರೆ, ಬಿದ್ದವನು ಅಲುಗಾಡದಿದ್ದರೆ ಸೀಟಿ ಕೂಡಲೇ ಹೊಡೆಯಿರಿ. ಎದುರಾಳಿ ಗೋಲಿನ ಮುಂದೆ ಒಬ್ಬನೇ ಇದ್ದರೂ ಸರಿ. ಉರುಳಾಡಿ ಕೂಗುವವನಿಗೆ ಉಸಿರಿದೆ, ಪ್ರಜ್ಞೆ ಇದೆ, ಅಷ್ಟು ಸಮಾಧಾನ. ಸದ್ದಿಲ್ಲದವನ ಬಳಿಗೆ ಮೊದಲು ಓಡಿ.

2. ಉಳಿದ ಸಂದರ್ಭಗಳಲ್ಲಿ ಮೂರು ನಾಲ್ಕು ಸೆಕೆಂಡು ಆಟ ಬಿಡಿ. ದಾಳಿ ಮುಗಿಯಲಿ, ಅಥವಾ ಚೆಂಡು ಹೊರಗೆ ಹೋಗಲಿ. ಎದುರಾಳಿ ಚೆಂಡನ್ನು ಹೊರಗೆ ಹೊಡೆದು ಆಟ ನಿಲ್ಲಿಸಲೇಬೇಕು ಎಂಬ ನಿಯಮ ಎಲ್ಲೂ ಇಲ್ಲ, ಅದು ಬರೀ ರೂಢಿ. ಈ ರೂಢಿಯನ್ನೇ ನಾಟಕದವರು ದುಡಿಸಿಕೊಳ್ಳುವುದು. 'ಆಟ ನಿಲ್ಲಿಸುವುದು ರೆಫರಿ ಮಾತ್ರ' ಎಂದು ಟಾಸ್ ವೇಳೆಯೇ ಇಬ್ಬರು ಕ್ಯಾಪ್ಟನ್‌ಗಳಿಗೂ ಹೇಳಿಬಿಡಿ.

3. ರೆಫರಿ ಬಳಿ ಎರಡು ವಾಚಿರಬೇಕು, ಒಂದು ನಿಲ್ಲದೆ ಓಡಲು, ಇನ್ನೊಂದು ತಡೆಯಾದಾಗ ನಿಲ್ಲಿಸಲು. ಸೀಟಿ ಹೊಡೆದ ಕೂಡಲೇ ಈ ಎರಡನೇ ವಾಚು ನಿಲ್ಲಿಸಿ, ಮತ್ತು ನಿಲ್ಲಿಸಿದ್ದು ಎಲ್ಲರಿಗೂ ಕಾಣುವಂತೆ ಕೈ ಎತ್ತಿ ಮಣಿಕಟ್ಟು ತೋರಿಸಿ. ಅರ್ಧ ಜಗಳ ಇಲ್ಲೇ ಮುಗಿಯುತ್ತದೆ. 'ಟೈಮ್ ನೋಡಿ ಸರ್' ಎಂದು ಓಡಿ ಬರುತ್ತಿದ್ದವನು ಅರ್ಧ ದಾರಿಯಲ್ಲೇ ತಿರುಗುತ್ತಾನೆ.

4. ಬಿದ್ದವನ ಬಳಿ ಬಗ್ಗಿ ಎರಡೇ ಪ್ರಶ್ನೆ ಕೇಳಿ: 'ಎಲ್ಲಿ ನೋವು?' 'ಹೊರಗಿನವರನ್ನು ಕರೀಲಾ?' ಕರೆಯಿರಿ ಎಂದರೆ ಹೆಚ್ಚೆಂದರೆ ಇಬ್ಬರು ಒಳಗೆ ಬರಲಿ. ಅವರು ಬರುವುದು ನೋಡಲು, ಚಿಕಿತ್ಸೆ ಕೊಡಲು ಅಲ್ಲ. ಸ್ಪ್ರೇ ಹೊಡೆಯುವುದು, ಬ್ಯಾಂಡೇಜು ಸುತ್ತುವುದು ಗೆರೆಯಾಚೆ. ಉಳಿದವರೆಲ್ಲ ಹತ್ತು ಹೆಜ್ಜೆ ದೂರ.

5. ನಡೆದೋ ಸ್ಟ್ರೆಚರ್ ಮೇಲೋ ಅವನು ಹೊರಗೆ ಹೋಗಬೇಕು. ಹೋಗಲು ಆಗುವವನು ಹೋಗಲ್ಲ ಎಂದು ಹಠ ಹಿಡಿದರೆ ಹಳದಿ ಕಾರ್ಡ್. ಕೈ ಹಿಡಿದು ಎಬ್ಬಿಸಲು ಎದುರಾಳಿಗಳು ಬಂದರೆ ತಡೆಯಿರಿ. ಬೆನ್ನಿಗೋ ಕುತ್ತಿಗೆಗೋ ಪೆಟ್ಟಾಗಿದ್ದರೆ ಆ ಎಳೆತವೇ ಅನಾಹುತ. ತಳ್ಳಾಟ ಶುರುವಾಗುವುದೂ ಅಲ್ಲಿಂದಲೇ.

6. ಫೌಲ್ ಇಲ್ಲದೆ ಆಟ ನಿಲ್ಲಿಸಿದ್ದರೆ ಡ್ರಾಪ್ ಬಾಲ್, ಅಂದರೆ ರೆಫರಿ ಚೆಂಡನ್ನು ಕೈಯಿಂದ ನೆಲಕ್ಕೆ ಬಿಟ್ಟು ಆಟ ಮತ್ತೆ ಶುರು ಮಾಡುವುದು. ಚೆಂಡು ಪೆನಾಲ್ಟಿ ಪ್ರದೇಶದಲ್ಲಿದ್ದರೆ ರಕ್ಷಿಸುವ ತಂಡದ ಕೀಪರ್‌ಗೆ, ಹೊರಗಿದ್ದರೆ ಚೆಂಡು ಯಾರ ಹಿಡಿತದಲ್ಲಿತ್ತೋ ಆ ತಂಡದ ಒಬ್ಬನಿಗೆ. ಉಳಿದವರು ಕನಿಷ್ಠ 4 ಮೀಟರ್ ದೂರ. ಹಿಂದಿನಂತೆ ಇಬ್ಬರನ್ನು ಎದುರಾಬದುರಾ ನಿಲ್ಲಿಸಿ ಚೆಂಡು ಬಿಡುವುದು 2019ರಲ್ಲೇ ಹೋಯಿತು, ಆದರೂ ನಮ್ಮ ಮೈದಾನಗಳಲ್ಲಿ ಇನ್ನೂ ನಡೆಯುತ್ತಿದೆ.

ಏನಾಗಿದೆ, ಎಷ್ಟು ಹೊತ್ತು ಬೇಕು

ಸ್ನಾಯು ಸೆಳೆತ: ಕೊನೆಯ ಹತ್ತು ನಿಮಿಷದಲ್ಲಿ ಮೀನಖಂಡ ಕಲ್ಲಿನಂತೆ ಗಟ್ಟಿಯಾಗುವುದು ಮಾಮೂಲು, ಸಮಯ ಕೊಲ್ಲುವವರ ಅಚ್ಚುಮೆಚ್ಚಿನ ನೆಪವೂ ಇದೇ. ಮಂಡಿ ನೇರ ಮಾಡಿಸಿ, ಪಾದದ ಬೆರಳುಗಳನ್ನು ಮೊಣಕಾಲಿನ ಕಡೆಗೆ ನಿಧಾನವಾಗಿ ಒತ್ತಿ, 20–30 ಸೆಕೆಂಡು ಹಿಡಿಯಿರಿ. ಝಾಡಿಸಬೇಡಿ, ಸ್ನಾಯು ಹರಿಯಬಹುದು. ಒಮ್ಮೆ ಬಿಟ್ಟ ಸೆಳೆತ ಐದು ನಿಮಿಷದಲ್ಲಿ ಮತ್ತೆ ಹಿಡಿಯುವುದು ಹೆಚ್ಚು, ಆದ್ದರಿಂದ ಸಬ್ ಇಳಿಸುವುದೇ ಜಾಣತನ. ಎದುರಾಳಿಯೇ ಬಂದು ಕಾಲು ಎತ್ತಿ ಹಿಡಿಯುವುದನ್ನು ನೋಡಿರುತ್ತೀರಿ. ನೋಡಲು ಸೊಗಸು, ಆದರೆ ಸೋಲುತ್ತಿರುವವನು ಆ ಕೆಲಸ ಮಾಡುವಾಗ ಕೈಯಲ್ಲಿ ಕರುಣೆಗಿಂತ ಅವಸರ ಜಾಸ್ತಿ.

ತೊಡೆಯ ಹಿಂಭಾಗ: ಒಬ್ಬನೇ ಓಡುತ್ತಿದ್ದವನು ಥಟ್ಟನೆ ನಿಂತು ತೊಡೆಯ ಹಿಂದೆ ಕೈ ಒತ್ತಿಕೊಂಡರೆ ಸಂಶಯವೇ ಬೇಡ, ಹ್ಯಾಮ್‌ಸ್ಟ್ರಿಂಗ್ ಎಳೆದಿದೆ. ಅವತ್ತಿನ ಆಟ ಮುಗಿಯಿತು.

ಹರಡು ಉಳುಕಿದರೆ: ಹೊರಗೆ ಕೂರಿಸಿ ಮೂರು ವಿಷಯ ನೋಡಿ. ಹರಡಿನ ಎರಡೂ ಬದಿಯ ಮೂಳೆ ಗುಬ್ಬಿಯ ಹಿಂಬದಿ ಅಂಚನ್ನು ಒತ್ತಿದರೆ ತೀವ್ರ ನೋವೇ? ಪಾದದ ಹೊರ ಅಂಚಿನ ನಡುವೆ ಉಬ್ಬಿರುವ ಮೂಳೆಯನ್ನೋ ಒಳಬದಿಯ ಕಮಾನಿನ ಮೇಲಿನ ಮೂಳೆಯನ್ನೋ ಒತ್ತಿದರೆ ನೋವೇ? ನಾಲ್ಕು ಹೆಜ್ಜೆ ಇಡಲು ಆಗುತ್ತಿಲ್ಲವೇ? ಒಂದಕ್ಕೆ ಹೌದು ಎಂದರೂ ಎಕ್ಸ್‌ರೇ ಆಗುವವರೆಗೆ ಕಾಲೂರಬಾರದು. ಮೂರಕ್ಕೂ ಇಲ್ಲ ಎಂದರೆ ಬಟ್ಟೆ ಸುತ್ತಿದ ಐಸ್ 15–20 ನಿಮಿಷ, ಕ್ರೇಪ್ ಬ್ಯಾಂಡೇಜು, ಕಾಲು ಎತ್ತರಕ್ಕೆ. ಮೊದಲ ಎರಡು ದಿನ ಎಣ್ಣೆ ಹಾಕಿ ನೀವುವುದು, ಬಿಸಿ ಶಾಖ ಎರಡೂ ಬೇಡ, ಬಾವು ಹೆಚ್ಚುತ್ತದೆ. ತಂಪು ಸ್ಪ್ರೇ ಚರ್ಮವನ್ನು ಮರಗಟ್ಟಿಸುತ್ತದೆ ಅಷ್ಟೆ. ಅದನ್ನು ಹೊಡೆದು 'ಈಗ ಓಕೆ' ಎಂದು ಒಳಗೆ ಕಳಿಸಿದರೆ ಅರೆಬರೆ ಹರಿದ ಲಿಗಮೆಂಟು ಪೂರ್ತಿ ಹೋಗುತ್ತದೆ.

ಮಂಡಿ: ಯಾರೂ ಮುಟ್ಟದೆ, ತಿರುಗುವಾಗ ಅಥವಾ ಜಿಗಿದು ಇಳಿಯುವಾಗ 'ಟಕ್' ಎಂದದ್ದು ಅವನಿಗೇ ಕೇಳಿಸಿದ್ದರೆ ಎಸಿಎಲ್ (ಮಂಡಿಯೊಳಗಿನ ಮುಖ್ಯ ಲಿಗಮೆಂಟು) ಹರಿದಿರುವ ಸಾಧ್ಯತೆ ದೊಡ್ಡದು. ಮೋಸವೇನೆಂದರೆ ಹತ್ತು ನಿಮಿಷದಲ್ಲಿ ನೋವು ಇಳಿದು ನಡೆಯಲು ಬರುತ್ತದೆ, ಬಾವು ಕೆಲವು ಗಂಟೆ ಬಿಟ್ಟು ಬರುತ್ತದೆ. 'ನೋಡಿ, ನಡೀತಿದಾನೆ, ಬರೀ ನಾಟಕ' ಎಂಬ ಮಾತು ಹೆಚ್ಚು ಕೇಳಿಬರುವುದೂ ಇವರ ಮೇಲೆಯೇ. ನಡೆದರೂ ಒಳಗೆ ಬಿಡಬೇಡಿ.

ಟರ್ಫ್ ಉಜ್ಜಿ ಚರ್ಮ ಕಿತ್ತುಬಂದರೆ ಹುಲ್ಲಿನ ನಡುವಿನ ಕಪ್ಪು ರಬ್ಬರ್ ಕಾಳು ಹೋಗುವವರೆಗೆ ಶುದ್ಧ ನೀರಿನಲ್ಲಿ ತೊಳೆಯಿರಿ. ರಕ್ತ ನಿಂತು, ಬಟ್ಟೆಯ ಮೇಲೂ ರಕ್ತವಿಲ್ಲ ಎಂದು ರೆಫರಿ ಖಚಿತಪಡಿಸಿಕೊಂಡ ಮೇಲೆಯೇ ವಾಪಸ್. ಹೆಚ್ಚುವರಿ ಜೆರ್ಸಿ ಇರಲಿ. ಭುಜ ಜಾರಿದ್ದರೆ ಮೈದಾನದ ಪಂಡಿತರು ಎಳೆದು ಕೂರಿಸಲು ಬರುತ್ತಾರೆ, ಬಿಡಬೇಡಿ. ಇದ್ದ ಸ್ಥಿತಿಯಲ್ಲೇ ಜೋಳಿಗೆ ಕಟ್ಟಿ ಆಸ್ಪತ್ರೆಗೆ ಕಳಿಸಿ.

ತಲೆಗೆ ಪೆಟ್ಟು

ಇದಕ್ಕೆ ಸಮಯದ ಮಿತಿ ಬೇಡ. 2022ರ ನವೆಂಬರ್ 21ರಂದು ಕತಾರ್ ವಿಶ್ವಕಪ್‌ನ ಇಂಗ್ಲೆಂಡ್–ಇರಾನ್ ಪಂದ್ಯದಲ್ಲಿ ಇರಾನ್ ಕೀಪರ್ ಅಲಿರೆಜಾ ಬೈರನ್‌ವಂದ್ ತಮ್ಮದೇ ತಂಡದವನ ತಲೆಗೆ ಡಿಕ್ಕಿ ಹೊಡೆದರು. ಉದ್ದನೆಯ ಚಿಕಿತ್ಸೆ ನಡೆಯಿತು, ಆಟಕ್ಕೆ ಮರಳಿದರು, ಸ್ವಲ್ಪ ಹೊತ್ತಿನಲ್ಲೇ ಆಗದೆ ಹೊರಗೆ ಹೋದರು. ಮೊದಲ ಅರ್ಧಕ್ಕೆ 14 ನಿಮಿಷ ಸೇರಿಸಲಾಯಿತು. ಸಮಯ ಸೇರಿಸಿದ್ದು ಸರಿ, ಅವರನ್ನು ಮರಳಿ ಆಡಲು ಬಿಟ್ಟದ್ದು ತಪ್ಪು. ಅಂಥ ವೈದ್ಯ ಬಳಗವಿದ್ದೂ ತಪ್ಪಿದ ತೀರ್ಮಾನವನ್ನು ಟರ್ಫಿನ ಪಕ್ಕ ನಿಂತ ನಾವು ಸರಿಯಾಗಿ ಮಾಡುತ್ತೇವೆಂಬ ಭರವಸೆ ಬೇಡ.

ಬಿದ್ದವನನ್ನು ಐದು ಪ್ರಶ್ನೆ ಕೇಳಿ: ಇದು ಯಾವ ಮೈದಾನ? ಈಗ ಯಾವ ಅರ್ಧ ನಡೆಯುತ್ತಿದೆ? ಕೊನೆಯ ಗೋಲು ಹೊಡೆದವರು ಯಾರು? ಹಿಂದಿನ ಪಂದ್ಯ ಯಾರ ಮೇಲೆ ಆಡಿದಿರಿ? ಗೆದ್ದಿರಾ? ಒಂದಕ್ಕೆ ತಡವರಿಸಿದರೂ ಅವತ್ತಿಗೆ ಆಟ ಬಂದ್. ಐದಕ್ಕೂ ಸರಿಯಾಗಿ ಉತ್ತರಿಸಿದರೂ ತಲೆ ಸುತ್ತು, ಮಂಜು ಕವಿದ ಕಣ್ಣು, ನಡಿಗೆಯಲ್ಲಿ ತೂರಾಟ ಇದ್ದರೆ ಅದೇ ತೀರ್ಮಾನ. ಹದಿನೆಂಟರ ಒಳಗಿನವರಾದರೆ ಅನುಮಾನವೊಂದೇ ಸಾಕು. ಪದೇ ಪದೇ ವಾಂತಿ, ಹೆಚ್ಚುತ್ತಿರುವ ತಲೆನೋವು, ಕುತ್ತಿಗೆ ನೋವು, ಒಂದು ಎರಡಾಗಿ ಕಾಣುವುದು, ಕೈಕಾಲು ಜುಮ್ಮೆನ್ನುವುದು, ಫಿಟ್ಸ್, ಪ್ರಜ್ಞೆ ತಪ್ಪುವುದು, ಇವುಗಳಲ್ಲಿ ಯಾವುದಿದ್ದರೂ ಆಂಬುಲೆನ್ಸ್. ಕುತ್ತಿಗೆ ನೋವಿದ್ದರೆ ಅಲುಗಿಸದೆ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಕಾಯಿರಿ. ಮನೆಗೆ ಕಳಿಸುವುದಾದರೆ ಜೊತೆಗೊಬ್ಬರು ಬೇಕು. ಬೈಕು ಓಡಿಸುವಂತಿಲ್ಲ, ಅವತ್ತು ಕುಡಿಯುವಂತಿಲ್ಲ. ಪಂದ್ಯ ಮುಗಿದ ಮೇಲೆ ಪಾರ್ಕಿಂಗ್‌ನಲ್ಲಿ ಯಾರೂ ಗಮನಿಸದೆ ಹೆಲ್ಮೆಟ್ ಹಾಕಿಕೊಂಡು ಹೊರಟುಬಿಡುತ್ತಾರೆ. ಗಾಡಿ ಕೀ ಇಸಿದುಕೊಳ್ಳುವ ಕೆಲಸ ಕ್ಯಾಪ್ಟನ್‌ಗೆ ವಹಿಸಿ.

ಮುಟ್ಟದೆ ಕುಸಿದರೆ

2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಯೂರೋ ಕಪ್ ಪಂದ್ಯದ ನಡುವೆ ಡೆನ್ಮಾರ್ಕ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ ಥ್ರೋ ಪಡೆಯುವ ಹೊತ್ತಿಗೆ ಕುಸಿದಾಗ ಸುತ್ತ ಎದುರಾಳಿ ಯಾರೂ ಅವರನ್ನು ತಾಗಿರಲಿಲ್ಲ. ರೆಫರಿ ಆಂಥನಿ ಟೇಲರ್ ತಕ್ಷಣ ಆಟ ನಿಲ್ಲಿಸಿ ವೈದ್ಯರನ್ನು ಕರೆದರು. ಎದೆ ಒತ್ತುವಿಕೆ, ಡಿಫಿಬ್ರಿಲೇಟರ್ (ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರ, ಎಇಡಿ ಎನ್ನುವುದೂ ಇದರದೇ ಒಂದು ಬಗೆ) ಎರಡೂ ಅಲ್ಲೇ ಸಿಕ್ಕಿದ್ದರಿಂದ ಎರಿಕ್ಸನ್ ಬದುಕಿದರು. ಹೃದಯ ನಿಂತವನು ಮೊದಲ ಕ್ಷಣಗಳಲ್ಲಿ ಏದುಸಿರು ಬಿಟ್ಟಂತೆ ಕಾಣಬಹುದು, ಫಿಟ್ಸ್ ಬಂದಂತೆ ಕೈಕಾಲು ಅದುರಬಹುದು. ಕೈಗೆ ಕೀಗೊಂಚಲು ತುರುಕುತ್ತಾ ಕೂರಬೇಡಿ. ಕರೆದರೆ ಓಗೊಡುತ್ತಿಲ್ಲ, ಸರಿಯಾಗಿ ಉಸಿರಾಡುತ್ತಿಲ್ಲ ಎಂದರೆ ಹೃದಯವೆಂದೇ ತಿಳಿಯಿರಿ.

ಒಬ್ಬರು 108ಕ್ಕೆ ಫೋನ್ ಮಾಡಲಿ, ಇನ್ನೊಬ್ಬರು ಎಇಡಿ ಯಂತ್ರ ತರಲು ಓಡಲಿ, ಮೂರನೆಯವರು ಎದೆಯ ನಡುವೆ ಒತ್ತಲು ಶುರು ಮಾಡಲಿ: ನಿಮಿಷಕ್ಕೆ 100ರಿಂದ 120 ಬಾರಿ, 5–6 ಸೆಂಟಿಮೀಟರ್ ಆಳಕ್ಕೆ, ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಲು ಬಿಟ್ಟು. ಎರಡು ನಿಮಿಷಕ್ಕೆ ಕೈ ಬದಲಾಯಿಸಿ, ಆಯಾಸವಾದಾಗ ಒತ್ತುವ ಆಳ ಗೊತ್ತಾಗದೆ ಕಡಿಮೆಯಾಗಿರುತ್ತದೆ. ತಡವಾದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7–10ರಷ್ಟು ಇಳಿಯುತ್ತದೆ. ಇಂಥ ಕುಸಿತಕ್ಕೆ ರೆಫರಿಯ ಅನುಮತಿಗೆ ಯಾರೂ ಕಾಯಬೇಕಿಲ್ಲ ಎಂಬ ಸಾಲನ್ನು ನಿಯಮ ಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ.

ಹಿಂದಿನ ದಿನವೇ ಮೈದಾನಕ್ಕೆ ಹೋಗಿ ದಾರಿ ನೋಡಿ ಬನ್ನಿ. ಕಟ್ಟಡದ ತಾರಸಿ ಮೇಲಿನ ಟರ್ಫ್ ಆದರೆ ಲಿಫ್ಟಿನಲ್ಲಿ ಸ್ಟ್ರೆಚರ್ ಉದ್ದಕ್ಕೆ ಹಿಡಿಸುತ್ತದೆಯೇ? ನೆಟ್ಟಿನ ಗೇಟು ಒಬ್ಬರಷ್ಟೇ ಅಡ್ಡಡ್ಡ ನುಸುಳುವಷ್ಟಿದ್ದರೆ ದೊಡ್ಡ ಗೇಟಿನ ಬೀಗದ ಕೈ ಯಾರ ಬಳಿ? ಗಲ್ಲಿಯ ಬಾಯಿಗೆ ಕಾರು ನಿಲ್ಲಿಸದಂತೆ ಸೆಕ್ಯೂರಿಟಿಯವರಿಗೆ ಹೇಳಿ. ಪಕ್ಕದ ಅಪಾರ್ಟ್‌ಮೆಂಟ್, ಟೆಕ್ ಪಾರ್ಕ್‌ಗಳಲ್ಲಿ ಎಇಡಿ ಇದೆಯೇ ವಿಚಾರಿಸಿ. ರಾತ್ರಿ ಎಮರ್ಜೆನ್ಸಿ ತೆರೆದಿರುವ ಹತ್ತಿರದ ಆಸ್ಪತ್ರೆಯನ್ನು ಕಿಲೋಮೀಟರ್ ಲೆಕ್ಕದಲ್ಲಲ್ಲ, ಭಾನುವಾರ ಸಂಜೆಯ ಟ್ರಾಫಿಕ್ ಲೆಕ್ಕದಲ್ಲಿ ಆರಿಸಿ. ಸಿಲ್ಕ್ ಬೋರ್ಡ್ ದಾಟಿ ಹೋಗಬೇಕಾದ ಆಸ್ಪತ್ರೆ ಎಷ್ಟೇ ಒಳ್ಳೆಯದಾಗಿದ್ದರೂ ಪಟ್ಟಿಯಲ್ಲಿ ಎರಡನೆಯದು.

ಕೀಪರ್‌ಗಳು

ಕೀಪರ್ ಹೊರಗೆ ಹೋಗಬೇಕಿಲ್ಲ ಎಂಬ ವಿನಾಯಿತಿ ಹೊಸದೊಂದು ತಂತ್ರ ಹುಟ್ಟುಹಾಕಿದೆ. ಎದುರಾಳಿಯ ಕೈ ಮೇಲಾದ ಹೊತ್ತಿಗೆ ಕೀಪರ್ ಮಂಡಿ ಹಿಡಿದು ಕೂರುತ್ತಾನೆ, ಉಳಿದ ಆರೂ ಜನ ಕೋಚ್ ಬಳಿ ಓಡಿ ಪಾಠ ಹೇಳಿಸಿಕೊಳ್ಳುತ್ತಾರೆ. ಇದಕ್ಕೆ ಸಮಯ ಸೇರಿಸಿದರಷ್ಟೇ ಸಾಲದು, ಕದ್ದದ್ದು ಸಮಯವಲ್ಲ, ಎದುರಾಳಿಯ ಲಯ. ಕೀಪರ್ ಆರೈಕೆ ನಡೆಯುವಾಗ ಯಾರೂ ಬೆಂಚಿನ ಕಡೆ ಹೋಗಕೂಡದು, ಕೋಚ್ ಗೆರೆ ಬಳಿ ಬಂದು ಸೂಚನೆ ಕೊಡಕೂಡದು ಎಂದು ನಿಯಮ ಹಾಕಿ. ಎರಡನೇ ಸಲವೂ ಅದೇ ಕೀಪರ್‌ಗೆ ಹೊರಗಿನವರು ಬರಬೇಕಾದರೆ ಬದಲಿ ಕೀಪರ್ ಇಳಿಯಲಿ.

ಚೆಂಡು ಕೈಯಲ್ಲಿ ಹಿಡಿದು ನಿಲ್ಲುವುದಕ್ಕೆ ಈಗ ಮಿತಿ ಎಂಟು ಸೆಕೆಂಡು. ಕೈಗೆ ಚೆಂಡು ಪೂರ್ತಿ ಹಿಡಿತಕ್ಕೆ ಬಂದಲ್ಲಿಂದ ಎಣಿಕೆ; ಕೊನೆಯ ಐದನ್ನು ರೆಫರಿ ಕೈ ಎತ್ತಿ ಬೆರಳು ಮಡಚುತ್ತಾ ತೋರಿಸಬೇಕು. ಮೀರಿದರೆ ಎದುರಾಳಿಗೆ ಕಾರ್ನರ್. ಹಿಂದಿದ್ದ ಆರು ಸೆಕೆಂಡು ಮತ್ತು ಪೆನಾಲ್ಟಿ ಪ್ರದೇಶದೊಳಗಿನ ಇಂಡೈರೆಕ್ಟ್ ಫ್ರೀ ಕಿಕ್ (ನೇರವಾಗಿ ಗೋಲು ಹೊಡೆಯಲಾಗದ ಫ್ರೀ ಕಿಕ್) ಯಾರಿಗೂ ಬೇಡವಾಗಿತ್ತು: ಗೋಲಿನ ಮುಂದೆ ಆಟಗಾರರ ಗೋಡೆ ಕಟ್ಟಿಸುವ ರಗಳೆಗೆ ಹೆದರಿ ರೆಫರಿಗಳು ಶಿಕ್ಷೆಯನ್ನೇ ಕೊಡುತ್ತಿರಲಿಲ್ಲ. ಕಾರ್ನರ್ ಕೊಡುವುದು ಸುಲಭ, ಆದ್ದರಿಂದ ಕೊಡುತ್ತಾರೆ.

ಚೆಂಡು, ಥ್ರೋ, ಸಬ್

ಗಾಯದ ಗಲಾಟೆಯಲ್ಲಿ ಇವು ಕಣ್ಣಿಗೆ ಬೀಳುವುದಿಲ್ಲ, ಆದರೆ ಹತ್ತು ಹದಿನೈದು ಸೆಕೆಂಡಿನಂತೆ ಹೆಚ್ಚು ಸಮಯ ಸೋರುವುದು ಇಲ್ಲಿ. ನೆಟ್ ದಾಟಿ ರಸ್ತೆಗೋ ರಾಜಕಾಲುವೆಗೋ ಚೆಂಡು ಹೋಗುವ ಜಾಗಗಳಲ್ಲಿ ನಾಲ್ಕು ಚೆಂಡಾದರೂ ಬೇಕು: ಒಂದು ಆಟದಲ್ಲಿ, ಎರಡು ಗೋಲುಗಳ ಹಿಂದೆ ಒಂದೊಂದು, ಟೇಬಲ್ ಬಳಿ ಒಂದು. ಎಲ್ಲದರ ಗಾಳಿ ಒಂದೇ ಮಟ್ಟದಲ್ಲಿರಲಿ, ಇಲ್ಲದಿದ್ದರೆ 'ಈ ಬಾಲ್ ಬೇಡ ಸರ್' ಎಂಬುದೇ ಹೊಸ ನೆಪವಾಗುತ್ತದೆ.

ಥ್ರೋ ಎಸೆಯುವಂತೆ ನಟಿಸಿ ಕೊನೆಗೆ ಚೆಂಡನ್ನು ಗೆಳೆಯನಿಗೆ ಬಿಟ್ಟುಹೋಗುವುದು, ಸೀಟಿಯಾದ ಮೇಲೆ ಚೆಂಡು ಎತ್ತಿಕೊಂಡು ನಡೆಯುವುದು, ಬೇಕೆಂದೇ ತಪ್ಪು ಜಾಗದಿಂದ ಫ್ರೀ ಕಿಕ್ ಹೊಡೆದು ಮತ್ತೆ ಹೊಡೆಸಿಕೊಳ್ಳುವುದು, ಸಬ್ ಆಗುವಾಗ ಆಮೆನಡಿಗೆ, ಎಲ್ಲಕ್ಕೂ ಹಳದಿ ಕಾರ್ಡ್. ಸಬ್ ಆಗುವವನು ಹತ್ತಿರದ ಗೆರೆಯಿಂದ ಹೊರಗೆ ಹೋಗಬೇಕು ಎಂಬುದು 2019ರಿಂದ ಇದೆ. ಮೈದಾನದ ಆ ತುದಿಯಿಂದ ಈ ತುದಿಗೆ ಎಲ್ಲರ ಕೈ ಕುಲುಕುತ್ತಾ ಬರುವ ಹಾಗಿಲ್ಲ. ಮೊದಲ ಕಾರ್ಡನ್ನು ಹತ್ತನೇ ನಿಮಿಷದಲ್ಲಿ ತೋರಿಸಿದರೆ ಬೆಲೆ, ಕೊನೆಯ ನಿಮಿಷದಲ್ಲಿ ತೋರಿಸಿದರೆ ಆ ಕಾರ್ಡೇ ಇನ್ನೊಂದು 30 ಸೆಕೆಂಡು ತಿನ್ನುತ್ತದೆ.

ಹಿಂದಿರುವ ತಂಡಕ್ಕೆ ಒಂದು ಸಲಹೆ: ವಾದಿಸಬೇಡಿ, ಬೇಗ ಆಡಿ. 2023ರ ಮಾರ್ಚ್ 3ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ಇನ್ನೂ ಗೋಡೆ ಕಟ್ಟಿಕೊಳ್ಳುತ್ತಿದ್ದಾಗ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಫ್ರೀ ಕಿಕ್ ಹೊಡೆದು ಗೋಲು ಮಾಡಿದ್ದು, ಅತಿಥಿಗಳು ಮೈದಾನ ಬಿಟ್ಟು ನಡೆದದ್ದು ಇಲ್ಲಿನವರಿಗೆ ಗೊತ್ತು. ಗೋಡೆಯ ದೂರ ಅಳೆಯಿರಿ ಎಂದು ನೀವೇ ಕೇಳಿದರೆ ಮಾತ್ರ ಸೀಟಿಗೆ ಕಾಯಬೇಕು, ಕೇಳದಿದ್ದರೆ ಹೊಡೆಯಬಹುದು. ಮುಂದಿರುವ ತಂಡ ಚೆಂಡನ್ನು ಕಾರ್ನರ್ ಬಾವುಟದ ಬಳಿ ಒಯ್ದು ಬೆನ್ನು ಕೊಟ್ಟು ಕಾಯುವುದು ಮಾತ್ರ ಅಪ್ಪಟ ಆಟ. ಅದಕ್ಕೆ ಸಿಟ್ಟು ಬರಬಹುದು, ಕಾರ್ಡು ಬರುವುದಿಲ್ಲ.

ಎರಡು ವಾಚು, ಒಂದು ಚೀಟಿ

ಒಂದು ವಾಚು ನಿಲ್ಲದೆ ಓಡಲಿ, ಇನ್ನೊಂದನ್ನು ಗಾಯ, ಸಬ್, ಗೋಲಿನ ಸಂಭ್ರಮದಂಥ ಪ್ರತಿ ತಡೆಗೆ ನಿಲ್ಲಿಸಿ. ಎರಡರ ವ್ಯತ್ಯಾಸವೇ ಹೆಚ್ಚುವರಿ ಸಮಯ. ಮಾಮೂಲಿ ಥ್ರೋ, ಗೋಲ್ ಕಿಕ್‌ಗಳಿಗೆ ನಿಲ್ಲಿಸಬೇಡಿ, ಅತಿಯಾಗಿ ಎಳೆದರಷ್ಟೇ. ಜೇಬಿನ ಚೀಟಿಯಲ್ಲಿ ಎರಡನೇ ಅರ್ಧ ಹೀಗೆ ಕಾಣಬೇಕು: 6ನೇ ನಿಮಿಷ, ನೀಲಿ 9, ಹರಡು, 50 ಸೆಕೆಂಡು; 11ನೇ ನಿಮಿಷ, ಗೋಲಿನ ಸಂಭ್ರಮ, 30; 14ನೇ ನಿಮಿಷ, ಕೆಂಪು ಕೀಪರ್, 80; 17ನೇ ನಿಮಿಷ, ಸಬ್, 20; 18ನೇ ನಿಮಿಷ, ಚೆಂಡು ನೆಟ್ ಆಚೆ, 25. ಒಟ್ಟು 205 ಸೆಕೆಂಡು, ಅಂದರೆ 3 ನಿಮಿಷ 25 ಸೆಕೆಂಡು. 'ಕನಿಷ್ಠ ಮೂರು' ಎಂದು ಗಟ್ಟಿಯಾಗಿ ಸಾರಿ, 3:25ರವರೆಗೆ ಆಡಿಸಿ. ಹೆಚ್ಚುವರಿ ಸಮಯದಲ್ಲೂ ಯಾರಾದರೂ ಬಿದ್ದರೆ ಅದನ್ನೂ ಸೇರಿಸಿ. ಸಾರಿದ ಸಮಯವನ್ನು ಹೆಚ್ಚಿಸಬಹುದು, ಇಳಿಸುವಂತಿಲ್ಲ. ಮೊದಲ ಅರ್ಧದಲ್ಲಿ ಲೆಕ್ಕ ತಪ್ಪಿದ್ದರೆ ಎರಡನೆಯದರಲ್ಲಿ ಸರಿದೂಗಿಸುವಂತೆಯೂ ಇಲ್ಲ.

ಪಂದ್ಯ ಮುಗಿದ ಮೇಲೆ ಆ ಚೀಟಿಯ ಫೋಟೊ ತೆಗೆದು ಎರಡೂ ಕ್ಯಾಪ್ಟನ್‌ಗಳಿಗೆ ವಾಟ್ಸ್ಆ್ಯಪ್ ಮಾಡಿ. ಗಾಯವಾದವರ ಹೆಸರು, ಹೊತ್ತು, ಏನಾಯಿತು, ಯಾರ ಜೊತೆ ಎಲ್ಲಿಗೆ ಕಳಿಸಿದಿರಿ ಎಂಬುದು ಬೇರೆ ಹಾಳೆಯಲ್ಲಿರಲಿ, ಅದು ಆಯೋಜಕರ ಬಳಿ ಮಾತ್ರ. ತಲೆಗೆ ಪೆಟ್ಟಾದವನ ಹೆಸರನ್ನು ಮುಂದಿನ ಪಂದ್ಯದ ತಂಡದ ಪಟ್ಟಿಯಲ್ಲಿ ಹುಡುಕಿ. ಇದ್ದರೆ, ವೈದ್ಯರ ಚೀಟಿ ಬರುವವರೆಗೆ ಗೆರೆ ಎಳೆಯಿರಿ.